ಪ್ರಶ್ನೆಯ ಬಾಲ

"ಎಲ್ಲ ಕಾಗೆಗಳು ಕುರ್ಚಿಗಳು. ಕೆಲವು ಕುರ್ಚಿಗಳು ಕೊಡೆಗಳು."

ತಂಗಿಯ ಮಗ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಗಟ್ಟಿಯಾಗಿ ಓದಿದ. ಸೊಪ್ಪು ಬಿಡಿಸುತ್ತಿದ್ದ ಅಮ್ಮ ಕೈ ನಿಲ್ಲಿಸಿ, "ಯಾರೋ ಅದನ್ನ ಬರೆದೋನು? ಕಾಗೆ ಎಲ್ಲಾದರೂ ಕುರ್ಚಿ ಆಗುತ್ತೇನೋ?" ಎಂದರು.

"ಆಗುತ್ತೆ ಅಂತ ಇಟ್ಕೋ ಅಜ್ಜಿ."

"ಇಟ್ಕೊಂಡೆ. ಮುಂದೆ?"

ಮುಂದೆ ಎರಡು ತೀರ್ಮಾನಗಳಿದ್ದವು. ಒಂದು, ಕೆಲವು ಕಾಗೆಗಳು ಕೊಡೆಗಳು. ಎರಡು, ಕೆಲವು ಕುರ್ಚಿಗಳು ಕಾಗೆಗಳು. ಯಾವುದು ಅನುಸರಿಸುತ್ತದೆ? ಅಮ್ಮ ದಂಟು ಮುರಿಯುತ್ತಲೇ ಹೇಳಿದರು: "ಕಾಗೆಯೆಲ್ಲ ಕುರ್ಚಿ ಆದಮೇಲೆ ಕುರ್ಚಿಗಳಲ್ಲಿ ಕಾಗೆ ಇದ್ದೇ ಇರುತ್ತೆ, ಅದು ಸರಿ. ಕೊಡೆ ಆದ ಕುರ್ಚಿ ಕಾಗೆಯದ್ದೇ ಅಂತ ಏನು ಗ್ಯಾರಂಟಿ? ಬೇರೆ ಕುರ್ಚಿ ಇರಬಹುದು." ಎರಡನೆಯದು ಮಾತ್ರ ಸರಿ. ಅಮ್ಮ ಓದಿದ್ದು ಏಳನೇ ಕ್ಲಾಸು. ಬಿ.ಕಾಂ. ಮುಗಿಸಿ ಗ್ರಾಮೀಣ ಬ್ಯಾಂಕಿನ ಪರೀಕ್ಷೆಗೆ ಕೂತಿರುವ ಮೊಮ್ಮಗ ಎರಡಕ್ಕೂ ಗುರುತು ಹಾಕಿದ್ದ.

ಹುಡುಗ ದಡ್ಡನಲ್ಲ. ಅವನ ಪುಸ್ತಕ ತಿರುವಿ ನೋಡಿದರೆ ಅವನ ಅವಸ್ಥೆ ಅರ್ಥವಾಗುತ್ತದೆ. ನ್ಯಾಯವಾಕ್ಯ, ಊಹೆ, ತೀರ್ಮಾನ, ವಾದದ ಬಲಾಬಲ, ರಕ್ತಸಂಬಂಧ, ದಿಕ್ಕು, ಸಂಕೇತ, ದುಂಡು ಮೇಜಿನ ಸುತ್ತ ಎಂಟು ಜನ, ದತ್ತಾಂಶ ಸಾಲುತ್ತದೆಯೇ ಇಲ್ಲವೇ ಎಂದು ಅಧ್ಯಾಯಗಳು. ಪ್ರತಿ ಅಧ್ಯಾಯದ ತಲೆಯಲ್ಲೂ ಹತ್ತಿಪ್ಪತ್ತು 'ಶಾರ್ಟ್‌ಕಟ್'. ಇವನಿಗೆ ಶಾರ್ಟ್‌ಕಟ್ಟುಗಳೆಲ್ಲ ಬಾಯಿಪಾಠ. ಈ ಪ್ರಶ್ನೆ ತನ್ನಿಂದ ಏನನ್ನು ಕೇಳುತ್ತಿದೆ ಎಂಬುದನ್ನು ಮಾತ್ರ ಅವನು ಓದಿರಲಿಲ್ಲ. 'ಹೀಗೆ ಇರಬಹುದು' ಎನಿಸಿದ್ದಕ್ಕೆಲ್ಲ ಗುರುತು ಹಾಕಿದ್ದ. ಅಲ್ಲಿ ಕೇಳಿದ್ದು 'ಹೀಗೆ ಇರಲೇಬೇಕು' ಎಂಬುದನ್ನು.

ಕಾಗೆಯನ್ನು ಕುರ್ಚಿ ಮಾಡುವುದು ಬರೆದವನ ತಲೆಹರಟೆಯಲ್ಲ, ಬೇಕೆಂದೇ ಮಾಡಿದ ಉಪಾಯ. 'ಎಲ್ಲ ಕಾಗೆಗಳು ಪಕ್ಷಿಗಳು, ಕೆಲವು ಪಕ್ಷಿಗಳು ಹಸಿರು' ಎಂದು ಬರೆದಿದ್ದರೆ ನಾವು ವಾಕ್ಯವನ್ನು ಬಿಟ್ಟು ಕಿಟಕಿಯಾಚೆ ನೋಡುತ್ತೇವೆ. ಹಸಿರು ಕಾಗೆ ಕಂಡಿಲ್ಲ, ಆದ್ದರಿಂದ ತಪ್ಪು ಎನ್ನುತ್ತೇವೆ. ಉತ್ತರ ಸರಿಯಾದರೂ ದಾರಿ ತಪ್ಪು. ಲೋಕಜ್ಞಾನ ಒಳಗೆ ನುಸುಳದಂತೆ ಬಾಗಿಲು ಹಾಕಲು ಕಾಗೆಯನ್ನು ಕುರ್ಚಿ ಮಾಡಬೇಕಾಗುತ್ತದೆ. 'ಇಟ್ಕೊಂಡೆ' ಎಂದ ಅಮ್ಮ ಅಷ್ಟರಲ್ಲೇ ಅರ್ಧ ಪ್ರಶ್ನೆ ಬಿಡಿಸಿದ್ದರು. (ಪಂಡಿತರಿಗೊಂದು ಮಾತು: ಕಾಗೆಗಳೇ ಇಲ್ಲದ ಲೋಕದಲ್ಲಿ 'ಎಲ್ಲ ಕಾಗೆಗಳು ಕುರ್ಚಿಗಳು' ಎಂಬುದರಿಂದ 'ಕೆಲವು ಕುರ್ಚಿಗಳು ಕಾಗೆಗಳು' ಎಂದು ಹೇಳಲಾಗದು ಎನ್ನುತ್ತದೆ ಆಧುನಿಕ ತರ್ಕಶಾಸ್ತ್ರ. ನಮ್ಮ ಸ್ಪರ್ಧಾತ್ಮಕ ಪರೀಕ್ಷೆಗಳು ಈ ವಿಷಯದಲ್ಲಿ ಇನ್ನೂ ಅರಿಸ್ಟಾಟಲನ ಪಕ್ಷ. ಅಭ್ಯರ್ಥಿಗಳು ಆ ಜಗಳಕ್ಕೆ ಹೋಗಬೇಕಿಲ್ಲ.)

ಕನ್ನಡದಲ್ಲಿ ಪ್ರಶ್ನೆ ಓದುವವರಿಗೆ ಒಂದು ಅನುಕೂಲವಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ನಮ್ಮ ವಾಕ್ಯದ ಜೀವ ಬಾಲದಲ್ಲಿದೆ. ಕ್ರಿಯಾಪದ ಕೊನೆಗೆ ಬರುತ್ತದೆ, ಇಲ್ಲ-ಅಲ್ಲಗಳೂ ಕೊನೆಗೇ ಬರುತ್ತವೆ. 'ಈ ಕೆಳಗಿನವುಗಳಲ್ಲಿ ಯಾವುದು ಸರಿ' ಎಂಬಲ್ಲಿಯವರೆಗೆ ಓದಿ ಉತ್ತರಕ್ಕೆ ಹಾರಿದವನಿಗೆ ಅದರ ಬೆನ್ನಿಗಿದ್ದ 'ಯಲ್ಲ' ಕಾಣುವುದೇ ಇಲ್ಲ. ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ನಡುವೆ ನಿಲ್ಲುವ ನಿಷೇಧ ನಮ್ಮಲ್ಲಿ ಪದದ ತುದಿಗೆ ಅಂಟಿಕೊಂಡಿರುತ್ತದೆ. ಹೀಗಾಗಿ ಹೇಳಿಕೆ ಓದುವ ಮೊದಲು ಪ್ರಶ್ನೆಯ ಬಾಲ ಓದಬೇಕು. 'ಖಂಡಿತವಾಗಿ ಅನುಸರಿಸುತ್ತದೆ' ಎಂದಿದೆಯೋ, 'ಸಾಧ್ಯತೆಯಿದೆ' ಎಂದಿದೆಯೋ, 'ಬಲಪಡಿಸುತ್ತದೆ' ಎಂದಿದೆಯೋ, 'ಅಂತರ್ಗತವಾಗಿದೆ' ಎಂದಿದೆಯೋ. ಅಧ್ಯಾಯಗಳ ಹೆಸರು ಎಷ್ಟೇ ಇರಲಿ, ಪ್ರಶ್ನೆಯ ಜಾತಿ ಗೊತ್ತಾಗುವುದು ಅಲ್ಲಿ.

ಊಹೆಯ ಪ್ರಶ್ನೆಗಳನ್ನೇ ನೋಡಿ. ನನಗೆ ಅವು ಎಲ್ಲಕ್ಕಿಂತ ಪ್ರಿಯ. ಒಂದು ಮನೆಯ ಬಾಗಿಲಲ್ಲಿ 'ಚಪ್ಪಲಿಗಳನ್ನು ಹೊರಗೆ ಬಿಡಿ' ಎಂದು ಬೋರ್ಡಿದೆ. ಇದರಲ್ಲಿ ಅಂತರ್ಗತವಾಗಿರುವ ಊಹೆ ಯಾವುದು? ಬರುವವರಲ್ಲಿ ಕನ್ನಡ ಓದಬಲ್ಲವರಿದ್ದಾರೆ ಎಂಬುದೇ? ಹೊರಗೆ ಬಿಟ್ಟ ಚಪ್ಪಲಿ ಕಳುವಾಗುವುದಿಲ್ಲ ಎಂಬುದೇ? ಬೋರ್ಡಿನ ಮಾತನ್ನು ಎಲ್ಲರೂ ಕೇಳುತ್ತಾರೆ ಎಂಬುದೇ? ಇಲ್ಲಿ 'ಖಂಡಿತ'ದ ಲೆಕ್ಕ ನಡೆಯದು. ಊಹೆ ಎಂದರೆ ವಾಕ್ಯದಿಂದ ಹೊರಡುವ ಮಾತಲ್ಲ, ವಾಕ್ಯ ನಿಂತಿರುವ ನೆಲ. ಅದನ್ನು ಪರೀಕ್ಷಿಸುವುದಕ್ಕೆ ನೆಲ ಕಿತ್ತು ನೋಡಬೇಕು. ಬರುವವರಲ್ಲಿ ಒಬ್ಬರಿಗೂ ಕನ್ನಡ ಬಾರದು ಎಂದಿಟ್ಟುಕೊಳ್ಳಿ. ಬೋರ್ಡು ಬರೀ ಹಲಗೆಯಾಯಿತು. ಹಾಗಾದರೆ ಅದು ಊಹೆಯೇ. ಬೋರ್ಡಿನ ಮಾತನ್ನು ಎಲ್ಲರೂ ಕೇಳುವುದಿಲ್ಲ ಎಂದಿಟ್ಟುಕೊಳ್ಳಿ. ಕೆಲವರಾದರೂ ಕೇಳುತ್ತಾರಲ್ಲ, ಬೋರ್ಡು ನಿಂತೇ ಇರುತ್ತದೆ. ಹಾಗಾದರೆ ಅದು ಊಹೆಯಲ್ಲ. ಚಪ್ಪಲಿ ಕಳುವಾದರೆ? ಆಗಲಿ, ಬೋರ್ಡು ಹಾಕಿದವನ ಚಿಂತೆ ತನ್ನ ಒರೆಸಿದ ನೆಲದ ಬಗ್ಗೆ, ನಿಮ್ಮ ಚಪ್ಪಲಿಯ ಬಗ್ಗೆ ಅಲ್ಲ.

'ಎಲ್ಲ', 'ಮಾತ್ರ', 'ಯಾವಾಗಲೂ' ಎಂಬ ಪದ ಕಂಡರೆ ಆ ಆಯ್ಕೆಯನ್ನು ಹೊಡೆದು ಹಾಕಿ ಎಂದು ಶಾರ್ಟ್‌ಕಟ್ ಪುಸ್ತಕಗಳು ಹೇಳುವುದು ಇದಕ್ಕೇ. ಬಹಳ ಸಲ ಅದು ಫಲಿಸುತ್ತದೆ. ಹೇಳಿಕೆಯಲ್ಲೇ 'ಮಾತ್ರ' ಇದ್ದಾಗ ಕೈ ಕೊಡುತ್ತದೆ. ಪ್ರಶ್ನೆ ತೆಗೆಯುವವರೂ ಅವೇ ಪುಸ್ತಕಗಳನ್ನು ಓದಿರುತ್ತಾರೆ ಎಂಬುದನ್ನು ಮರೆಯಬಾರದು.

ವಾದವನ್ನು ದುರ್ಬಲಗೊಳಿಸುವ ಪ್ರಶ್ನೆ ಇನ್ನೊಂದು ಬಗೆ. ಊರ ಮುಂದಿನ ರಸ್ತೆಗೆ ಹಂಪ್ ಹಾಕಿದರು, ಆಮೇಲೆ ಅಪಘಾತ ಕಡಿಮೆಯಾಯಿತು, ಹಂಪಿನಿಂದಲೇ ಕಡಿಮೆಯಾಯಿತು ಎಂಬ ವಾದ. ಅದೇ ತಿಂಗಳು ಬೈಪಾಸ್ ತೆರೆದು ಲಾರಿಗಳೆಲ್ಲ ಆ ಕಡೆ ಹೋದವು ಎಂಬ ಆಯ್ಕೆಯಿದೆ. ಹುಡುಗರು ಅದನ್ನು ಬಿಡುತ್ತಾರೆ. ಕಾರಣ ಕೇಳಿದರೆ, 'ಹಂಪಿನಿಂದ ಏನೂ ಆಗಿಲ್ಲ ಅಂತ ಇದರಿಂದ ಸಾಬೀತಾಗಲ್ಲ ಸಾರ್' ಎನ್ನುತ್ತಾರೆ. ಸಾಬೀತು ಮಾಡಲು ಯಾರು ಹೇಳಿದರು? ಕಂಬ ಅಲುಗಾಡಿದರೆ ಸಾಕು, ಕೀಳಬೇಕಿಲ್ಲ. ಇನ್ನೊಂದು ತೊಡಕು: ತೀರ್ಮಾನದ ಪ್ರಶ್ನೆಯಲ್ಲಿ ಹೇಳಿಕೆಯಲ್ಲಿಲ್ಲದ ಹೊಸ ಸಂಗತಿ ಬಂದರೆ ಆ ಆಯ್ಕೆ ತಪ್ಪು. ಇಲ್ಲಿ ಹೊಸ ಸಂಗತಿಯೇ ಆಯುಧ, ಆಯ್ಕೆಯಲ್ಲಿರುವುದನ್ನು ನಿಜವೆಂದು ಒಪ್ಪಿಕೊಂಡೇ ಮುಂದೆ ಹೋಗಬೇಕು. ಅಲ್ಲಿ ಕಲಿತ ಶಿಸ್ತನ್ನು ಇಲ್ಲಿಗೆ ತಂದವರು ಒಳ್ಳೆಯ ವಿದ್ಯಾರ್ಥಿಗಳೇ, ಸೋಲುವವರೂ ಅವರೇ.

ಹಂಪಿನ ವಾದದ ದೋಷಕ್ಕೆ ನಮ್ಮ ಭಾಷೆಯಲ್ಲಿ ಹೆಸರೂ ಇದೆ. ಕಾಗೆ ಬಂದು ತಾಳೆಮರದ ಮೇಲೆ ಕೂತಿತು, ಹಣ್ಣು ಬಿತ್ತು. ಕಾಕತಾಳೀಯ. ಕಾದಂಬರಿಗಳಲ್ಲಿ ಹಳೆಯ ಗೆಳೆಯ ರೈಲಿನಲ್ಲಿ ಎದುರಾದಾಗಲೆಲ್ಲ ಬಳಸಿ ಬಳಸಿ ಪದವನ್ನು ಸವೆಸಿದ್ದೇವೆ, ಅದು ತರ್ಕದ ಎಚ್ಚರಿಕೆಯ ಗಂಟೆ ಎಂಬುದು ಮರೆತಿದೆ. ಒಂದು ಅಗುಳು ಹಿಚುಕಿ ಇಡೀ ಅನ್ನ ಬೆಂದಿದೆ ಎನ್ನುವ ಸ್ಥಾಲೀಪುಲಾಕ ನ್ಯಾಯವೂ ಹಾಗೆಯೇ. ಅಗುಳುಗಳೆಲ್ಲ ಒಂದೇ ಪಾತ್ರೆಯಲ್ಲಿ ಒಂದೇ ಉರಿಯ ಮೇಲೆ ಇದ್ದುದರಿಂದ ಆ ಅನುಮಾನ ಸರಿ. ಒಂದು ಬಡಾವಣೆಯಲ್ಲಿ ನೂರು ಜನರನ್ನು ಕೇಳಿ ಇಡೀ ನಗರದ ಅಭಿಪ್ರಾಯ ಹೇಳುವವರ ಪಾತ್ರೆ ಒಂದೇ ಅಲ್ಲ.

ಈಗ ನನಗೆ ಅತಿ ಸೋಜಿಗವೆನಿಸುವ ಭಾಗಕ್ಕೆ ಬರುತ್ತೇನೆ. ಮಳೆ ಬಂದರೆ ಬೆಳೆ. ಮಳೆ ಬಂದರೇ ಬೆಳೆ. ಮಳೆ ಬಂದರೂ ಬೆಳೆ. ಮೂರು ವಾಕ್ಯ, ಬಾಲದಲ್ಲಿ ಒಂದೊಂದು ಸ್ವರದ ವ್ಯತ್ಯಾಸ. ಮೊದಲನೆಯದರಲ್ಲಿ ಮಳೆ ಸಾಕು, ಆದರೆ ಕಾಲುವೆ ನೀರಿನಿಂದಲೂ ಬೆಳೆ ಬರಬಹುದು. ಎರಡನೆಯದರಲ್ಲಿ ಮಳೆ ಬೇಕೇ ಬೇಕು, ಆದರೆ ಮಳೆಯೊಂದೇ ಸಾಕೆಂದು ಆ ಮಾತು ಹೇಳುವುದಿಲ್ಲ. ಮೂರನೆಯದಕ್ಕೆ ಮಳೆ ಅಡ್ಡಿಯಲ್ಲ. ತರ್ಕದ ಪಠ್ಯಗಳು 'ಪರ್ಯಾಪ್ತ ನಿಬಂಧನೆ', 'ಅವಶ್ಯಕ ನಿಬಂಧನೆ' ಎಂದು ಪುಟಗಟ್ಟಲೆ ವಿವರಿಸುವುದನ್ನು ಕನ್ನಡ ಒಂದು ದೀರ್ಘದಲ್ಲಿ ಮುಗಿಸಿದೆ.

ಆದರೂ ನಾವು ತಪ್ಪುತ್ತೇವೆ. 'ಪಾಸಾದರೆ ಸೈಕಲ್ ಕೊಡಿಸ್ತೀನಿ' ಎಂದು ಅಪ್ಪ ಹೇಳುತ್ತಾನೆ, ಮಗನಿಗೆ ಕೇಳುವುದು 'ಪಾಸಾದರೇ'. ಫೇಲಾದರೆ ಸೈಕಲ್ ಇಲ್ಲವೆಂದು ಅಪ್ಪ ಹೇಳಿಯೇ ಇಲ್ಲ. ಈ ಲೆಕ್ಕದಲ್ಲಿ ವಾದ ಹೂಡಿ ಸೈಕಲ್ ಪಡೆದ ಮಗನನ್ನು ನಾನು ಇನ್ನೂ ಕಂಡಿಲ್ಲ. ಮನೆಯಲ್ಲಿ ಆ ದೀರ್ಘವನ್ನು ಎಲ್ಲರೂ ತಾವೇ ಸೇರಿಸಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಸೇರಿಸಿಕೊಂಡರೆ ಕಾಲು ಅಂಕ ಹೋಗುತ್ತದೆ. 'ಕೆಲವು' ಎಂಬ ಪದಕ್ಕೂ ಇದೇ ಗತಿ. 'ಕೆಲವು ಮಾವಿನಹಣ್ಣು ಸಿಹಿ ಇದಾವೆ' ಎಂದು ಗಾಡಿಯವನು ಅಂದರೆ ಉಳಿದವು ಹುಳಿ ಎಂದು ತಿಳಿದು ನಾವು ಮುಂದಿನ ಗಾಡಿಗೆ ಹೋಗುತ್ತೇವೆ. ತರ್ಕದಲ್ಲಿ ಅವನು ಅಷ್ಟು ಹೇಳಿಲ್ಲ. ಒಂದಾದರೂ ಸಿಹಿಯಿದೆ, ಎಲ್ಲವೂ ಸಿಹಿಯಿದ್ದರೂ ಮಾತು ಸುಳ್ಳಲ್ಲ.

ನಮ್ಮ ನೈಯಾಯಿಕರು ಇದನ್ನು ಬೆಟ್ಟದ ಮೇಲಿನ ಹೊಗೆಯಲ್ಲಿ ಹಿಡಿದಿದ್ದರು. ಹೊಗೆ ಇದ್ದಲ್ಲಿ ಬೆಂಕಿ ಇದೆ, ಅಡುಗೆಮನೆಯಲ್ಲಿ ಕಂಡಂತೆ. ಬೆಂಕಿ ಇದ್ದಲ್ಲಿ ಹೊಗೆ ಇದೆಯೇ? ಇಲ್ಲ, ಕೆಂಪಗೆ ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿಯಿಂದ ಹೊಗೆ ಬರಬೇಕಾದರೆ ಹಸಿ ಸೌದೆಯೂ ಬೇಕು. ವಾಕ್ಯವನ್ನು ತಿರುಗಿಸಿ ಓದಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಕೋಚಿಂಗ್ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

1966ರಲ್ಲಿ ಬ್ರಿಟನ್ನಿನ ಮನಃಶಾಸ್ತ್ರಜ್ಞ ಪೀಟರ್ ವೇಸನ್ ನಾಲ್ಕು ಕಾರ್ಡುಗಳ ಒಂದು ಒಗಟು ಮಾಡಿದ. ಅದನ್ನು ಕನ್ನಡಕ್ಕೆ ಹೊಂದಿಸಿ ಹೇಳುತ್ತೇನೆ. ಮೇಜಿನ ಮೇಲೆ ನಾಲ್ಕು ಕಾರ್ಡುಗಳಿವೆ: ಅ, ಕ, 4, 7. ಪ್ರತಿ ಕಾರ್ಡಿನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. 'ಒಂದು ಬದಿ ಸ್ವರವಿದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರುತ್ತದೆ' ಎಂಬ ನಿಯಮ ನಿಜವೋ ಸುಳ್ಳೋ ತಿಳಿಯಲು ಯಾವ ಕಾರ್ಡುಗಳನ್ನು ತಿರುವಬೇಕು? ಹೆಚ್ಚಿನವರು ಅ ಮತ್ತು 4 ಎನ್ನುತ್ತಾರೆ. 4ರ ಹಿಂದೆ ವ್ಯಂಜನವಿದ್ದರೂ ನಿಯಮಕ್ಕೆ ಧಕ್ಕೆಯಿಲ್ಲ, ಅದನ್ನು ತಿರುವಿ ಪ್ರಯೋಜನವಿಲ್ಲ. 7ರ ಹಿಂದೆ ಸ್ವರವಿದ್ದರೆ ಮಾತ್ರ ನಿಯಮ ಮುರಿಯುತ್ತದೆ. ಉತ್ತರ ಅ ಮತ್ತು 7. ಕಾಲೇಜು ವಿದ್ಯಾರ್ಥಿಗಳಲ್ಲೂ ಸರಿಯುತ್ತರ ಕೊಡುವವರು ಹತ್ತಕ್ಕೊಬ್ಬರ ಆಸುಪಾಸು.

ಇದೇ ಒಗಟನ್ನು ಬಸ್ಸಿಗೆ ಹತ್ತಿಸಿ ನೋಡಿ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಶೂನ್ಯ. ನಿಯಮ: ಶೂನ್ಯ ಟಿಕೆಟ್ ಇದ್ದರೆ ಆಕೆ ಕರ್ನಾಟಕದವರಾಗಿರಬೇಕು. ತನಿಖೆಯವರ ಮುಂದೆ ನಾಲ್ಕು ಮಹಿಳೆಯರು. ಒಬ್ಬರ ಕೈಯಲ್ಲಿ ಶೂನ್ಯ ಟಿಕೆಟ್, ಒಬ್ಬರ ಕೈಯಲ್ಲಿ ದುಡ್ಡು ಕೊಟ್ಟ ಟಿಕೆಟ್, ಮತ್ತೊಬ್ಬರು ತೋರಿಸುತ್ತಿರುವುದು ಗದಗದ ವಿಳಾಸದ ಗುರುತಿನ ಚೀಟಿ, ಇನ್ನೊಬ್ಬರದು ಹೈದರಾಬಾದ್ ವಿಳಾಸದ್ದು. ಯಾರನ್ನು ಮುಂದೆ ವಿಚಾರಿಸಬೇಕು? ಶೂನ್ಯ ಟಿಕೆಟಿನವರ ವಿಳಾಸ, ಹೈದರಾಬಾದಿನವರ ಟಿಕೆಟ್. ಗದಗದವರು ದುಡ್ಡು ಕೊಟ್ಟೇ ಬಂದಿದ್ದರೂ ಯಾರಿಗೂ ಚಿಂತೆಯಿಲ್ಲ. ಇದನ್ನು ತಪ್ಪು ಹೇಳುವ ಕಂಡಕ್ಟರ್ ಸಿಕ್ಕುವುದು ಕಷ್ಟ. ಅಮೆರಿಕದ ಗ್ರಿಗ್ಸ್ ಮತ್ತು ಕಾಕ್ಸ್ 1982ರಲ್ಲಿ ಮದ್ಯಪಾನದ ವಯಸ್ಸಿನ ನಿಯಮ ಇಟ್ಟುಕೊಂಡು ಹೀಗೇ ಕೇಳಿದಾಗ ನಾಲ್ವರಲ್ಲಿ ಸುಮಾರು ಮೂವರು ಸರಿಯಾಗಿ ಹೇಳಿದ್ದರು. ಅದೇ ತರ್ಕ, ಬರೀ ಬಟ್ಟೆ ಬೇರೆ. ನನ್ನ ಅಳಿಯ ಕಾರ್ಡಿನಲ್ಲಿ ಎಡವಿದ, ಬಸ್ಸಿನಲ್ಲಿ ಗೆದ್ದ. ಆಮೇಲೆ ಕಾರ್ಡಿನ ಪ್ರಶ್ನೆ ಬಂದಾಗಲೆಲ್ಲ ಮನಸ್ಸಿನಲ್ಲಿ ಬಸ್ ಹತ್ತುತ್ತಾನಂತೆ.

ಅಳಿಯ ಎಂದೆ. ತಂಗಿಯ ಮಗ ನನಗೆ ಸೋದರಳಿಯ, ಮಗಳ ಗಂಡನೂ ಅಳಿಯನೇ. ರಕ್ತಸಂಬಂಧದ ಪ್ರಶ್ನೆಗಳು ಕನ್ನಡದಲ್ಲಿ ಮುಗ್ಗರಿಸುವುದು ಇಲ್ಲೇ. ಅಮ್ಮನ ತಮ್ಮ ಮಾವ, ಅತ್ತೆಯ ಗಂಡ ಮಾವ, ಹೆಂಡತಿಯ ಅಪ್ಪ ಮಾವ. ಸೋದರಮಾವನಿಗೇ ಹೆಣ್ಣು ಕೊಡುತ್ತಿದ್ದ ಮನೆಗಳಲ್ಲಿ ಮಾವನೇ ಗಂಡ. ಇನ್ನೊಂದು ಕಡೆ, ಇಂಗ್ಲಿಷಿನ 'ಬ್ರದರ್' ಅಣ್ಣನೋ ತಮ್ಮನೋ ಎಂದು ಪ್ರಶ್ನೆಯಲ್ಲೇ ಇರುವುದಿಲ್ಲ. ಅನುವಾದಕರು ಯಾರೂ ಮನೆಯಲ್ಲಿ ಬಳಸದ 'ಸಹೋದರ'ನ ಮೊರೆ ಹೋಗುತ್ತಾರೆ. ಅವರನ್ನು ದೂರಲಾರೆ. ಹೆಸರುಗಳನ್ನು ಮರೆತು ಕಾಗದದ ಮೇಲೆ ವಂಶವೃಕ್ಷ ಬರೆದುಕೊಳ್ಳುವುದೇ ಇದಕ್ಕೆ ಮದ್ದು. ಸಂಕೇತದ ಪ್ರಶ್ನೆಗಳು 26 ಅಕ್ಷರಗಳ ವರ್ಣಮಾಲೆಗೆ ಅಂಟಿಕೊಂಡಿರುವುದರಿಂದ ಕನ್ನಡ ಪತ್ರಿಕೆಯಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೇ ಉಳಿಯುತ್ತವೆ. ದಿಕ್ಕು, ಆಸನಗಳಿಗೆ ಬೇಕಾದದ್ದು ಪೆನ್ಸಿಲ್ಲು, ತಾಳ್ಮೆ. ದತ್ತಾಂಶ ಸಾಲುತ್ತದೆಯೇ ಎಂಬ ಪ್ರಶ್ನೆಯಲ್ಲಿ ಮಾತ್ರ ಜಾಗ್ರತೆ: ಅಲ್ಲಿ ಉತ್ತರ ಕಂಡುಹಿಡಿಯಬೇಕಾಗಿಲ್ಲ, ಕಂಡುಹಿಡಿಯಲು ಸಾಧ್ಯವೇ ಎಂದಷ್ಟೇ ಹೇಳಬೇಕು. ಲೆಕ್ಕದಲ್ಲಿ ಜಾಣರಾದವರು ಕೊನೆಯವರೆಗೂ ಬಿಡಿಸಿ ಸಮಯ ಕಳೆದುಕೊಳ್ಳುತ್ತಾರೆ.

ಸಮಯವೆಂದರೆ ಎಷ್ಟು? ಗ್ರಾಮೀಣ ಬ್ಯಾಂಕುಗಳ ಪೂರ್ವಭಾವಿ ಪರೀಕ್ಷೆಯಲ್ಲಿ ತರ್ಕದ 40, ಗಣಿತದ 40, ಒಟ್ಟು 80 ಪ್ರಶ್ನೆಗಳಿಗೆ 45 ನಿಮಿಷ. ಒಂದಕ್ಕೆ 34 ಸೆಕೆಂಡೂ ಇಲ್ಲ. ತಪ್ಪಿಗೆ ಕಾಲು ಅಂಕ ಕಡಿತ. ಯುಪಿಎಸ್‌ಸಿ 2011ರಲ್ಲಿ ತಂದ ಸಿ-ಸ್ಯಾಟ್ ಪತ್ರಿಕೆಯಲ್ಲಿ ಅಷ್ಟೇ ಪ್ರಶ್ನೆಗಳಿಗೆ ಎರಡು ಗಂಟೆಯಿದೆ, 2015ರಿಂದ ಅಲ್ಲಿ ಶೇ. 33 ಬಂದರೆ ಸಾಕು. ಬ್ಯಾಂಕಿನ ಹುಡುಗರಿಗೆ ಆ ಪುಣ್ಯವಿಲ್ಲ. ಬಾಲ ಓದಲು ಮೂರು ಸೆಕೆಂಡು ಹೋಗುತ್ತದೆ ಎಂದು ಅಳಿಯ ಗೊಣಗಿದ. ಓದದೆ ಬೇರೊಂದು ಪ್ರಶ್ನೆಗೆ ಉತ್ತರ ಬರೆಯಲು ಮೂವತ್ತು ಸೆಕೆಂಡು ಹೋಗುತ್ತದಲ್ಲ ಎಂದೆ.

ಗ್ರಾಮೀಣ ಬ್ಯಾಂಕಿನ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಬಹುದೆಂದು ಕೇಂದ್ರ ಸರ್ಕಾರ ಪ್ರಕಟಿಸಿದ್ದು 2019ರಲ್ಲಿ. ಅದುವರೆಗೆ ಇಂಗ್ಲಿಷ್, ಹಿಂದಿ ಎರಡೇ. ಬಾಗಿಲು ತೆರೆಯಿತು, ಸಂತೋಷ. ಬಾಗಿಲೊಳಗಿನ ಕನ್ನಡ ಹೇಗಿದೆ ಎಂಬುದು ಬೇರೆಯೇ ಮಾತು. ಕರ್ನಾಟಕ ಲೋಕಸೇವಾ ಆಯೋಗ 384 ಹುದ್ದೆಗಳಿಗಾಗಿ 2024ರ ಆಗಸ್ಟ್ 27ರಂದು ನಡೆಸಿದ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಅನುವಾದದ ತಪ್ಪುಗಳು ಎಷ್ಟಿದ್ದವೆಂದರೆ ಸರ್ಕಾರ ಮರುಪರೀಕ್ಷೆಗೆ ಆದೇಶಿಸಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯ ಮೇಲೂ ಅದೇ ದೂರು ಬಂತು. ಇತಿಹಾಸದ ಪ್ರಶ್ನೆಯಲ್ಲಿ ಅನುವಾದ ಒಂದಿಷ್ಟು ಸೊಟ್ಟಗಿದ್ದರೂ ಊಹಿಸಿಕೊಂಡು ಬರೆಯಬಹುದು. ತರ್ಕದ ಪ್ರಶ್ನೆಯಲ್ಲಿ ಊಹಿಸಿಕೊಳ್ಳುವುದೇ ಅಪರಾಧ.

ಒಂದು ವಾಕ್ಯ ಕೊಡುತ್ತೇನೆ: 'ಎಲ್ಲರೂ ಬಂದಿಲ್ಲ.' ಒಬ್ಬರೂ ಬಂದಿಲ್ಲವೇ, ಕೆಲವರು ಬಂದಿಲ್ಲವೇ? ಮದುವೆಮನೆಯಲ್ಲಿ ಪಂಕ್ತಿ ನೋಡಿದರೆ ಗೊತ್ತಾಗುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಗೊತ್ತಾಗುವುದಿಲ್ಲ. ಇಂಗ್ಲಿಷ್ ಮೂಲದಲ್ಲಿ ಒಂದೇ ಅರ್ಥವಿದ್ದ ವಾಕ್ಯ ಕನ್ನಡಕ್ಕೆ ಬಂದು ಎರಡಾಗಿರುತ್ತದೆ, ಕನ್ನಡದ ಅಭ್ಯರ್ಥಿ ತರ್ಕಬದ್ಧವಾಗಿಯೇ ಯೋಚಿಸಿ ತಪ್ಪು ಗುರುತು ಹಾಕಿರುತ್ತಾನೆ. 'ಬಂದರೆ' ಎಂದಲ್ಲಿ 'ಬಂದರೆ ಮಾತ್ರ' ಎಂದಿರಬೇಕಿತ್ತು ಎಂಬುದು ಉತ್ತರದ ಕೀ ಬಂದ ಮೇಲಷ್ಟೇ ತಿಳಿಯುತ್ತದೆ.

ಪ್ರಶ್ನೆಗಳನ್ನು ಕನ್ನಡಕ್ಕೆ ತರುವವರಲ್ಲಿ ಒಂದು ಬಿನ್ನಹ. ಅನುವಾದ ಮುಗಿದ ಮೇಲೆ ಇಂಗ್ಲಿಷ್ ಮೂಲವನ್ನು ಮುಚ್ಚಿಟ್ಟು, ಕನ್ನಡ ಮಾತ್ರ ಓದುವ ಒಬ್ಬರ ಕೈಗೆ ಹಾಳೆ ಕೊಟ್ಟು ಬಿಡಿಸಲು ಹೇಳಿ. 'ಎಲ್ಲರೂ ಬಂದಿಲ್ಲ' ಎಂಬಲ್ಲಿ ಅವರು ತಲೆಯೆತ್ತಿ ನಿಮ್ಮ ಮುಖ ನೋಡಿದರೆ, ಅದನ್ನು ಹೊಡೆದು 'ಬಾರದವರು ಒಬ್ಬರಾದರೂ ಇದ್ದಾರೆ' ಎಂದು ಬರೆಯಿರಿ. ಒಂದು ಪದ ಹೆಚ್ಚಾಗುತ್ತದೆ, ಹಾಳೆಯಲ್ಲಿ ಜಾಗವಿದೆ.